ಒಂದೇ ರಟ್ಟಿನ ಎರಡು ಪುಟ

ಗೋಡೆಯ ಮೇಲೆ ದೊಡ್ಡಮ್ಮನ ಕಾಲಿನ ಫೋಟೋ ಇತ್ತು. ಆಳೆತ್ತರದ ಫೋಟೋ. ಮೊಣಕಾಲಿನಿಂದ ಕೆಳಗೆ ಬರೀ ಕೆಸರು. ಹೆಬ್ಬೆರಳಿನ ಉಗುರು ಅರ್ಧ ಹೋಗಿದೆ. ಹಿಮ್ಮಡಿ ಒಡೆದು ಬಾಯಿ ಬಿಟ್ಟಿದೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಕಡಲು, ಪರಿಸರ ಮತ್ತು ಮಾನವ ಸಮಾಜ ಅಧ್ಯಯನ ಕೇಂದ್ರ’ ಎಂದು ಬರೆದಿತ್ತು. ಆ ಕಾಲಿನ ಒಡತಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರು.

“ಕಾಲು ತೊಳ್ಕೊಂಡು ಬನ್ನಿ,” ಅಂದ ಬಾಗಿಲು ಕಾಯುವವನು. “ಹಿಂದ್ಗಡೆ ನಲ್ಲಿ ಇದೆ. ಒಳಗೆ ಹೊಸಾ ನೆಲಹಾಸು ಹಾಕಿದ್ದಾರೆ.”

“ತೊಳ್ಕೊಂಡೇ ಬಂದಿದ್ದೀವಿ.”

“ಇನ್ನೊಂದ್ಸಲ ತೊಳ್ಕೊಳ್ಳಿ. ನೀರಿಗೇನು ಬರವಾ?”

ದೊಡ್ಡಮ್ಮನ ಹಿಂದೆ ಇಪ್ಪತ್ತೆರಡು ಹೆಂಗಸರಿದ್ದರು. ಅವರಲ್ಲಿ ಅವಳ ಓರಗಿತ್ತಿಯೂ ಒಬ್ಬಳು. ಊರೆಲ್ಲ ಅವಳನ್ನು ಬಾಯಿಬಡಕಿ ಎಂದೇ ಕರೆಯುವುದು, ಅವಳೂ ಆ ಹೆಸರಿಗೇ ಓಗೊಡುವುದು. ಅವಳು ಗೋಡೆಯತ್ತ ಕೈ ತೋರಿಸಿ, “ಆ ಕಾಲನ್ನೂ ಇಳಿಸ್ಕೊಡು ಅಣ್ಣಾ, ಜೊತೇಲೇ ತೊಳ್ಕೊಂಡು ಬರ್ತೀವಿ,” ಅಂದಳು. ಕಾವಲಿನವನು ಮುಖ ತಿರುಗಿಸಿದ.

ಹಿಂಬದಿಯ ನಲ್ಲಿಯ ಹತ್ತಿರ ಸಾಲಾಗಿ ನಿಂತು ಎಲ್ಲರೂ ಮತ್ತೆ ಕಾಲು ತೊಳೆದರು. ದೊಡ್ಡಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಬಾಗಿಲಲ್ಲೇ ಜಗಳ ತೆಗೆದು ವಾಪಸಾದರೆ ಲಾಭ ಕೇಂದ್ರದವರಿಗೇ. ಅವತ್ತಿನ ಸಭೆಯಲ್ಲಿ ಕೆಸರುಬಯಲನ್ನು ಏಳು ವರ್ಷ ಮುಚ್ಚುವ ಕಾಗದಕ್ಕೆ ಸಹಿ ಬೀಳಬೇಕಿತ್ತು. ಕಾಗದದ ಕೆಳಗೆ ‘ಸಮುದಾಯದ ಪ್ರತಿನಿಧಿ’ ಎಂದು ಬರೆದು ದೊಡ್ಡಮ್ಮನ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು.

ಕೆಸರುಬಯಲು ಅಂದರೆ ನದಿ ಕಡಲಿಗೆ ಸೇರುವಲ್ಲಿ, ಇಳಿತದ ಹೊತ್ತಿಗೆ ತಲೆಯೆತ್ತುವ ನೆಲ. ಈ ಹೆಂಗಸರ ಅನ್ನ ಅಲ್ಲಿ ಹೂತಿರುವ ಚಿಪ್ಪುಮೀನು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ತುದಿಗೆ ತೇಲುವ ಬುಟ್ಟಿ ಕಟ್ಟಿಕೊಂಡು ಇಳಿಯುತ್ತಾರೆ. ಮೊಣಕಾಲು, ತೊಡೆ, ಒಮ್ಮೊಮ್ಮೆ ಸೊಂಟದವರೆಗೆ ಕೆಸರು. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ. ಹುಡುಕುವುದೆಲ್ಲ ಕಾಲು. ಅಂಗಾಲು ಒತ್ತಿದಾಗ ಗಟ್ಟಿಯಾಗಿ ತಾಗಿದ್ದು ಕಲ್ಲೋ ಚಿಪ್ಪೋ ಎಂದು ಬೆರಳೇ ತೀರ್ಮಾನ ಮಾಡುತ್ತದೆ. ಚಿಪ್ಪಾದರೆ ಎರಡು ಬೆರಳ ಸಂದಿಯಲ್ಲಿ ಹಿಡಿದು ಮೇಲೆತ್ತಿ ಕೈಗೆ ಕೊಡುತ್ತದೆ. ಒಂದು ಇಳಿತಕ್ಕೆ ಸಾವಿರ ಸಲ ಕಾಲೆತ್ತಬೇಕು. ಪ್ರತಿ ಸಲವೂ ಕೆಸರು ಕಾಲನ್ನು ಬಿಡುವುದಿಲ್ಲ ಎನ್ನುತ್ತದೆ. ಚಿಪ್ಪಿನ ಅಂಚು ಅಂಗಾಲನ್ನು ಕುಯ್ಯುತ್ತದೆ, ಕುಯ್ದ ಗಾಯಕ್ಕೆ ಉಪ್ಪು ನುಗ್ಗುತ್ತದೆ. ಮೂವತ್ತು ವರ್ಷ ಕಳೆದ ಮೇಲೆ ಮಂಡಿ ಪೂರ್ತಿ ಮಡಚಲು ಬರುವುದಿಲ್ಲ. ದೊಡ್ಡಮ್ಮ ಮನೆಯಲ್ಲಿ ನಿಂತೇ ಉಣ್ಣುತ್ತಾಳೆ. ಕೂತರೆ ಏಳಲು ಇಬ್ಬರು ಬೇಕು.

ಈ ಕೆಲಸಕ್ಕೊಂದು ಕಟ್ಟುಪಾಡಿದೆ. ಉಗುರಿಗಿಂತ ಚಿಕ್ಕ ಚಿಪ್ಪನ್ನು ಎತ್ತಕೂಡದು. ಮರಿ ಸಿಕ್ಕರೆ ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೆಸರೊಳಗೆ ಕೂರಿಸಬೇಕು. ದೊಡ್ಡಮ್ಮನಿಗೆ ಇದನ್ನು ಕಲಿಸಿದವಳು ಅವಳ ಅತ್ತೆ. ಈಗ ಮುದುಕಿ ಹಾಸಿಗೆ ಹಿಡಿದಿದ್ದಾಳೆ, ನಾಲಿಗೆ ಮಾತ್ರ ಹಿಡಿತಕ್ಕೆ ಬಂದಿಲ್ಲ. ಆ ಕಾಲದಲ್ಲಿ ಬುಟ್ಟಿಯೊಳಗೆ ಒಂದು ಮರಿ ಕಂಡರೂ ಇಡೀ ಬುಟ್ಟಿಯನ್ನು ನೀರಿಗೆ ಮಗುಚಿಬಿಡುತ್ತಿದ್ದಳು. ಅವತ್ತಿನ ದುಡಿಮೆಯೆಲ್ಲ ನೀರುಪಾಲು. ಎರಡು ಸಲ ಬುಟ್ಟಿ ಮಗುಚಿಸಿಕೊಂಡವಳ ಕಾಲು ಮೂರನೇ ಸಲ ತಪ್ಪುವುದಿಲ್ಲ. ಆಮೇಲೆ ಅದು ಅಭ್ಯಾಸವಾಗಿಬಿಡುತ್ತದೆ. ಬೆರಳು ಮರಿಯನ್ನು ಒತ್ತಿ ಮುಂದೆ ಹೋಗಿರುತ್ತದೆ, ತಲೆಗೆ ಸುದ್ದಿಯೂ ಹೋಗಿರುವುದಿಲ್ಲ.

ಇಂಥ ಜಾಗಕ್ಕೆ ಮೂರು ವರ್ಷದ ಹಿಂದೆ ವಿಶ್ವವಿದ್ಯಾಲಯದವರು ಬಂದರು. ಕಡಲು ಓದಿದವರು, ಮಣ್ಣು ಓದಿದವರು, ಮನುಷ್ಯರನ್ನು ಓದಿದವರು, ಎಲ್ಲರೂ ಒಂದೇ ಸೂರಿನಡಿ ಸೇರಿ ಮಾಡುವ ಅಧ್ಯಯನವಂತೆ. ಒಂದು ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣಲಿ ಅಂತ ಹೀಗೆ ಮಾಡಿದ್ದೀವಿ ಎಂದು ಕೇಂದ್ರದ ನಿರ್ದೇಶಕರು ಮೊದಲ ದಿನವೇ ದಡದಲ್ಲಿ ನಿಂತು ಭಾಷಣ ಮಾಡಿದರು. ಚಿಪ್ಪಿನ ಲೆಕ್ಕ ಅವರದೇ. ಮನುಷ್ಯರ ವಿಷಯಕ್ಕೆ ಒಬ್ಬಳು ಸಂಶೋಧಕಿ ಇದ್ದಳು. ದಪ್ಪ ಕನ್ನಡಕ, ಸಣ್ಣ ದನಿ. ಹೆಂಗಸರು ಅವಳನ್ನು ಕನ್ನಡಕದ ಹುಡುಗಿ ಅಂದರು.

ಮೊದಲ ದಿನ ನಿರ್ದೇಶಕರೇ ಕೆಸರಿಗಿಳಿದರು. ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿಕೊಂಡು ಹತ್ತು ಹೆಜ್ಜೆ ಹೋದರು. ಹನ್ನೊಂದನೆಯದಕ್ಕೆ ತೊಡೆಯವರೆಗೆ ಹೂತುಹೋದರು. ನಾಲ್ಕು ಹೆಂಗಸರು ಕಂಕುಳಿಗೆ ಕೈಹಾಕಿ ಎಳೆದಾಗ ಅವರು ಬಂದರು, ಬಲಗಾಲಿನ ಬೂಟು ಬರಲಿಲ್ಲ. ಅದು ಈಗಲೂ ಕೆಳಗೇ ಇದೆ. ಆಮೇಲೆ ಕೇಂದ್ರದವರು ಯಾರೂ ಇಳಿಯಲಿಲ್ಲ. ಕಬ್ಬಿಣದ ಒಂದು ಚೌಕಟ್ಟು ಮಾಡಿಸಿ ಹೆಂಗಸರ ಕೈಗೆ ಕೊಟ್ಟರು. ಗುರುತಿನ ಜಾಗದಲ್ಲಿ ಚೌಕಟ್ಟು ಇಡಿ, ಅದರೊಳಗೆ ಇರುವುದನ್ನೆಲ್ಲ ಎತ್ತಿ ಚೀಲಕ್ಕೆ ಹಾಕಿ ಅಂದರು. ಮೂರು ವರ್ಷ ಆ ಕಬ್ಬಿಣವನ್ನು ಹೆಗಲ ಮೇಲೆ ಹೊತ್ತು ಕೆಸರಲ್ಲಿ ನಡೆದದ್ದು ಇಪ್ಪತ್ಮೂರು ಹೆಂಗಸರು. ದಡದಲ್ಲಿ ಕುರ್ಚಿ ಹಾಕಿಕೊಂಡು ಬರೆದುಕೊಂಡದ್ದು ಅವರು.

ದೊಡ್ಡಮ್ಮನ ಮಗಳಿಗೆ ಕೇಂದ್ರದ ಪ್ರಯೋಗಶಾಲೆಯಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ದೊಡ್ಡಮ್ಮ ಅದಕ್ಕೆ ಸಂತೋಷಪಟ್ಟಳು. ಮಗಳ ಅಂಗಾಲು ಮೆತ್ತಗಿದೆ, ಹಾಗೇ ಇರಲಿ ಎಂಬುದು ಅವಳ ಆಸೆಯಾಗಿತ್ತು.

ಸಭೆಗೆ ನಾಲ್ಕು ದಿನ ಇರುವಾಗ ಆ ಮಗಳು ಒಂದು ದಪ್ಪ ಪುಸ್ತಕ ತಂದಳು. ಯಾರೋ ಕಾಫಿ ಚೆಲ್ಲಿ ಕಸದ ಬುಟ್ಟಿಗೆ ಹಾಕಿದ್ದ ಅಧ್ಯಯನದ ವರದಿ. ಕಾಫಿಯ ಕಲೆ ರಟ್ಟಿನ ಮೇಲೆ, ಒಳಗಿನ ಅಕ್ಷರವೆಲ್ಲ ಚೆನ್ನಾಗಿಯೇ ಇತ್ತು. ಮನೆ ಅಂದರೆ ಒಂದೂವರೆ ಕೋಣೆ. ಅರ್ಧದಲ್ಲಿ ಅತ್ತೆಯ ಹಾಸಿಗೆ, ಒಂದರಲ್ಲಿ ಉಳಿದದ್ದೆಲ್ಲ. ಸಂಜೆ ಬಾಯಿಬಡಕಿಯೂ ಬಂದು ಹೊಸ್ತಿಲ ಮೇಲೆ ಕೂತಳು. ಮಗಳು ನಿಂತುಕೊಂಡೇ ಓದಿದಳು.

“ನಲವತ್ತೊಂದನೇ ಪುಟ. ‘ಮೂರು ವರ್ಷಗಳ ಮಾದರಿಗಳಲ್ಲಿ ಒಂದೂ ಮರಿ ಚಿಪ್ಪು ಕಂಡುಬಂದಿಲ್ಲ. ಸಂತಾನಾಭಿವೃದ್ಧಿ ಸಂಪೂರ್ಣ ನಿಂತಿದೆ. ಮಿತಿಮೀರಿದ ಆಯುವಿಕೆಯೇ ಇದಕ್ಕೆ ಕಾರಣ.’”

“ಅಂದ್ರೆ?” ಅಂದಳು ಬಾಯಿಬಡಕಿ.

“ಅಂದ್ರೆ ಮರಿ ಇಲ್ವಂತೆ. ನಾವೇ ಬಾಚಿ ಬಳಿದು ತಿಂದ್ವಂತೆ.”

“ಮರಿ ಇಲ್ವಾ? ನಿನ್ನೆ ನನ್ನ ಕಾಲಿಗೆ ಸಿಕ್ಕಿದ್ದೇನು, ಇವರಪ್ಪನ ಬೂಟಾ?”

“ತಡಿ ಚಿಕ್ಕಮ್ಮ, ಇನ್ನೂ ಇದೆ. ನೂರಾ ಹನ್ನೆರಡನೇ ಪುಟ. ಇದು ಆ ಕನ್ನಡಕದ ಮೇಡಂ ಬರೆದಿದ್ದು.” ಮಗಳ ದನಿ ಇಲ್ಲಿ ನಿಧಾನವಾಯಿತು. “‘ಈ ಮಹಿಳೆಯರಲ್ಲಿ ಉಗುರಿಗಿಂತ ಚಿಕ್ಕ ಚಿಪ್ಪನ್ನು ಎತ್ತದೆ, ಕಾಲಿನಿಂದಲೇ ಕೆಸರಿಗೆ ಹಿಂದಿರುಗಿಸುವ ರೂಢಿ ತಲೆಮಾರುಗಳಿಂದ ಬಂದಿದೆ.’”

ದೊಡ್ಡಮ್ಮ ಗೋಡೆ ಹಿಡಿದುಕೊಂಡಳು. ಅವಳಿಗೆ ಆ ಚೌಕಟ್ಟು ಕಣ್ಣೆದುರು ಬಂತು. ಚೌಕಟ್ಟಿನೊಳಗೆ ತನ್ನ ಕಾಲು. ಹೆಬ್ಬೆರಳು ಒತ್ತುತ್ತಿದೆ, ಒತ್ತಿ ಮುಂದೆ ಹೋಗುತ್ತಿದೆ. ಮೂರು ವರ್ಷ. ಪ್ರತಿ ಸಲ. ಎಲ್ಲರ ಕಾಲೂ.

“ನಾವು ಬಿಟ್ವಿ ಕಣೇ,” ಅಂದಳು. “ಎಲ್ಲಾ ಎತ್ತಿ ಅಂದಿದ್ರು. ಆ ಮಾತು ಕಿವಿಗೆ ಬಿದ್ದಿತ್ತು, ಕಾಲು ಕೇಳ್ಲಿಲ್ಲ.”

ಹಾಸಿಗೆಯಿಂದ ಮುದುಕಿ ಗುಡುಗಿದಳು. “ಕೇಳಿದ್ದಿದ್ರೆ ಕಾಲು ಮುರೀತಿದ್ದೆ.”

ದೊಡ್ಡಮ್ಮನಿಗೆ ಮೊದಲು ಬಂದದ್ದು ನಾಚಿಕೆ, ತಪ್ಪು ನಮ್ಮಿಂದಲೇ ಆಯಿತಲ್ಲ ಎಂದು. ಆಮೇಲೆ ಅವಳು ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು ಎರಡು ಪುಟಗಳ ನಡುವೆ ಬೆರಳಿಟ್ಟು ನೋಡಿದಳು. ಅವಳಿಗೆ ಓದಲು ಬಾರದು. ನಡುವಿನ ಹಾಳೆಗಳು ಎಷ್ಟು ದಪ್ಪ ಎಂದು ಬೆರಳಿಗೆ ತಿಳಿಯಿತು. ಒಂದೇ ರಟ್ಟಿನೊಳಗೆ ಒಂದು ಪುಟ ಮರಿ ಬಿಡುತ್ತಾರೆ ಅನ್ನುತ್ತದೆ, ಇನ್ನೊಂದು ಪುಟ ಮರಿ ಇಲ್ಲ ಅನ್ನುತ್ತದೆ. ಬರೆದವರು ಒಂದೇ ಕಟ್ಟಡದಲ್ಲಿ ಕೂತು ಒಂದೇ ಕೆಟಲಿನ ಚಹಾ ಕುಡಿದವರು. ಒಬ್ಬರದನ್ನು ಒಬ್ಬರು ಓದಿಲ್ಲ. ನಾಚಿಕೆ ಹೋಗಿ ಸಿಟ್ಟು ಬಂತು. ಆ ಸಿಟ್ಟು ನಾಲ್ಕು ದಿನವೂ ಇಳಿಯಲಿಲ್ಲ.

ಸಭೆಗೆ ಒಂದು ಬಕೆಟ್ ಮರಿ ತಗೊಂಡು ಹೋಗಿ ಅವರ ಮೇಜಿನ ಮೇಲೆ ಸುರಿಯೋಣ ಎಂದು ಬಾಯಿಬಡಕಿ ಹಟ ಹಿಡಿದಳು. ದೊಡ್ಡಮ್ಮ ಬಿಲ್‌ಕುಲ್ ಒಪ್ಪಲಿಲ್ಲ.

“ನಾವು ಸತ್ಯವಂತರು ಅಂತ ತೋರ್ಸೋಕೆ ಮರಿ ಸಾಯಿಸ್ಬೇಕಾ? ಬಾಯಿ ಇದೆಯಲ್ಲ. ಅದರಲ್ಲೇ ಹೇಳೋಣ.”

ಹಾಗಾಗಿ ಬರಿಗೈಯಲ್ಲಿ ಬಂದಿದ್ದರು. ತೊಳೆದ ಕಾಲನ್ನು ಮತ್ತೆ ತೊಳೆದು ಒಳಗೆ ಹೋದಾಗ ಕೊನೆಯ ಎರಡು ಸಾಲು ಅವರಿಗಿತ್ತು. ಆ ಕುರ್ಚಿಗಳಿಗೆ ಮಾತ್ರ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ದೊಡ್ಡಮ್ಮ ಕೂರಲಿಲ್ಲ. ಮಂಡಿಯ ಕಾರಣಕ್ಕೂ, ಪ್ಲಾಸ್ಟಿಕ್ಕಿನ ಕಾರಣಕ್ಕೂ.

ವೇದಿಕೆಯ ಮೇಲೆ ನಿರ್ದೇಶಕರು, ಪಕ್ಕದಲ್ಲಿ ಸರ್ಕಾರದ ಅಧಿಕಾರಿ, ಮೂಲೆಯಲ್ಲಿ ಕನ್ನಡಕದ ಹುಡುಗಿ. ಪರದೆಯ ಮೇಲೆ ಗೆರೆಗಳು ಎದ್ದವು, ಬಿದ್ದವು. ಮರಿ ಎಂದು ಬರೆದ ಕಡೆ ದೊಡ್ಡದೊಂದು ಸೊನ್ನೆ.

“ನಮ್ಮ ಅಕ್ಕತಂಗಿಯರಿಗೆ ಇದು ಬೇಜಾರಿನ ವಿಷಯ,” ಎಂದರು ನಿರ್ದೇಶಕರು. “ಆದರೆ ಕಡಲಿಗೂ ವಿಶ್ರಾಂತಿ ಬೇಕು. ಏಳೇ ವರ್ಷ. ಅಲ್ಲಿವರೆಗೂ ಅವರನ್ನ ಕೈಬಿಡಲ್ಲ. ಕೆಸರುಬಯಲಿನ ದಡದಲ್ಲಿ ವೀಕ್ಷಣಾ ಕೇಂದ್ರ ಕಟ್ತಾ ಇದ್ದೀವಿ. ಅಲ್ಲಿ ಗುಡಿಸಿ ಒರೆಸೋ ಎಂಟು ಕೆಲಸ ಇದೆ. ಸರದಿ ಮೇಲೆ ಎಲ್ಲರಿಗೂ ಸಿಗುತ್ತೆ.”

ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

“ಸಾರ್, ಒಂದು ಮಾತು,” ಎಂದಳು ದೊಡ್ಡಮ್ಮ.

“ಪ್ರಶ್ನೆಗೆ ಕೊನೇಲಿ ಸಮಯ ಇದೆ ಅಮ್ಮಾ.”

“ಕೊನೇಲಿ ಹೆಬ್ಬೆಟ್ಟು ಒತ್ತಿಸ್ಕೋತೀರಿ. ಅದಾದ್ಮೇಲೆ ಪ್ರಶ್ನೆ ಕೇಳಿ ಉಪ್ಪಿನಕಾಯಿ ಹಾಕ್ಲಾ?”

ಹಿಂದಿನ ಸಾಲು ನಕ್ಕಿತು. ಅಧಿಕಾರಿ ತಲೆಯೆತ್ತಿ ನೋಡಿದ. ದೊಡ್ಡಮ್ಮ ಕುರ್ಚಿಗಳ ನಡುವಿನ ದಾರಿಯಲ್ಲಿ ಮುಂದೆ ಬಂದಳು. ಬಿಗಿದ ಮಂಡಿಯ ನಡಿಗೆ, ನಿಧಾನ. ಅವಳು ವೇದಿಕೆ ತಲುಪುವವರೆಗೂ ಎಲ್ಲರೂ ಕಾಯಬೇಕಾಯಿತು.

“ಆ ಚೀಲದಲ್ಲಿ ಮರಿ ಇಲ್ಲ, ನಿಜ. ಯಾಕಂದ್ರೆ ನಾವು ಹಾಕ್ಲಿಲ್ಲ. ನಮ್ಮ ಕಾಲು ಮರಿ ಎತ್ತಲ್ಲ. ಚೌಕಟ್ಟೊಳಗೂ ಎತ್ತಲಿಲ್ಲ. ನಮಗೇ ಗೊತ್ತಾಗದ ಹಾಗೆ ವಾಪಸ್ ಬಿಟ್ಟಿದ್ದೀವಿ. ಮರಿ ಕೆಸರಲ್ಲಿದೆ. ನಿಮ್ಮ ಪುಸ್ತಕದಲ್ಲೇ ಇದೆ ಸಾರ್ ಈ ಮಾತು, ನೂರಾ ಹನ್ನೆರಡನೇ ಪುಟ.”

ನಿರ್ದೇಶಕರು ಹುಡುಗಿಯ ಕಡೆ ತಿರುಗಿದರು. ಹುಡುಗಿ ಪುಟ ತಿರುಗಿಸಿದಳು. ನೂರಾ ಹನ್ನೆರಡು ನೋಡಿದಳು, ಹಿಂದೆ ಬಂದು ನಲವತ್ತೊಂದು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

“ಹೌದು ಸಾರ್,” ಎಂದಳು. “ನಾನು... ನಿಮ್ಮ ಅಧ್ಯಾಯ ಓದಿರ್ಲಿಲ್ಲ.”

ನಿರ್ದೇಶಕರು ವರದಿಯನ್ನು ಪಕ್ಕಕ್ಕೆ ಸರಿಸಿದರು. “ಇದು ಒಳ್ಳೇ ಅಂಶ. ಬರ್ಕೋತೀವಿ. ಆದ್ರೆ ರೂಢಿ ಅನ್ನೋದು ಬೇರೆ, ಅಂಕಿಅಂಶ ಅನ್ನೋದು ಬೇರೆ. ಮುಂದಿನ ಆವೃತ್ತಿಲಿ ಅಡಿಟಿಪ್ಪಣಿ ಸೇರಿಸೋಣ. ಇವತ್ತಿನ ನಿರ್ಧಾರ ಇವತ್ತು ಆಗ್ಲಿ.”

“ಏಳು ವರ್ಷ ನಮ್ಮ ಹೊಟ್ಟೆಗೆ ಅಡಿಟಿಪ್ಪಣಿ ಹಾಕೋದಾ ಸಾರ್?”

ಅಧಿಕಾರಿ ಗಡಿಯಾರ ನೋಡಿಕೊಂಡ. “ಪ್ರತಿನಿಧಿಯ ಒಪ್ಪಿಗೆ ಇಲ್ದೆ ನಾನು ಕಡತ ತಗೊಳ್ಳೋ ಹಾಗಿಲ್ಲ. ಬೇಗ ಮುಗಿಸಿ,” ಎಂದ.

ನಿರ್ದೇಶಕರು ಒಪ್ಪಿಗೆ ಪತ್ರ ಮುಂದೆ ತಳ್ಳಿದರು. ಒತ್ತಿಸಿಕೊಳ್ಳುವ ಮೊದಲು ಗಟ್ಟಿಯಾಗಿ ಓದಿ ಹೇಳಬೇಕೆಂಬುದು ಅವರದೇ ನಿಯಮ. ಕನ್ನಡಕದ ಹುಡುಗಿ ಮೈಕಿನಲ್ಲಿ ಓದತೊಡಗಿದಳು. ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ ಓದಿದಳು. ಅಧ್ಯಯನದ ಉದ್ದೇಶ, ಅವಧಿ, ಸಾರ್ವಜನಿಕ ಹಿತ. ನಡುವೆ ಒಂದು ಸಾಲು ದೊಡ್ಡಮ್ಮನ ಕಿವಿಗೆ ತಾಗಿ ದಾಟಿಹೋಯಿತು.

“ನಿಲ್ಸು,” ಎಂದಳು ದೊಡ್ಡಮ್ಮ. “ಈಗ ಓದಿದ್ದು ಇನ್ನೊಂದ್ಸಲ ಓದು.”

ಹುಡುಗಿ ನಿರ್ದೇಶಕರ ಮುಖ ನೋಡಿದಳು. ಅವರು ಬೇಡ ಎಂದು ತಲೆಯಾಡಿಸಿದರು. ಹುಡುಗಿ ಮೈಕನ್ನು ಹತ್ತಿರ ಎಳೆದುಕೊಂಡು, ಈ ಸಲ ಒಂದೊಂದೇ ಪದ ಬಿಡಿಸಿ ಓದಿದಳು.

“‘ಭಾಗವಹಿಸಿದವರು ಯಾವಾಗ ಬೇಕಾದರೂ ಅಧ್ಯಯನದಿಂದ ಹಿಂದೆ ಸರಿಯಬಹುದು. ಕಾರಣ ಕೊಡಬೇಕಾಗಿಲ್ಲ. ಅವರಿಂದ ಪಡೆದುದೆಲ್ಲವನ್ನೂ ಅಧ್ಯಯನದಿಂದ ತೆಗೆದುಹಾಕಲಾಗುವುದು.’”

“ನಾನು ಹಿಂದೆ ಸರೀತೀನಿ.”

ನಿರ್ದೇಶಕರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

“ಅದು ಮಾತುಕತೆಗೆ ಬಂದವರಿಗೆ ಅಮ್ಮಾ. ಚಿಪ್ಪು ಎತ್ತಿದ್ದಕ್ಕೆ ನಿಮಗೆ ಕೂಲಿ ಕೊಟ್ಟಿದ್ದೀವಿ. ಅದರಲ್ಲಿ ನೀವು ಭಾಗವಹಿಸಿದವರಲ್ಲ. ನೀವು ಕೆಲಸದವರು.”

“ಕೆಲಸದವಳ ಹೆಬ್ಬೆಟ್ಟು ನಿಮಗ್ಯಾಕೆ ಸಾರ್ ಹಾಗಾದ್ರೆ? ಗೋಡೆ ಮೇಲೆ ಹಾಕೋಕೆ ನಾನು ಸಮುದಾಯ. ಒಪ್ಪಿಗೆ ಕೊಡೋಕೆ ಪ್ರತಿನಿಧಿ. ವಾಪಸ್ ಕೇಳಿದ್ರೆ ಕೂಲಿಯವಳು. ಒಂದೇ ಮಧ್ಯಾಹ್ನಕ್ಕೆ ಎಷ್ಟು ವೇಷ ಹಾಕ್ಸ್ತೀರಿ ನನಗೆ?”

“ನೀವೊಬ್ಬರು ಸರಿದ್ರೆ ಅಧ್ಯಯನ ನಿಲ್ಲಲ್ಲ.”

“ನಾನೂ ಸರೀತೀನಿ,” ಹಿಂದಿನಿಂದ ಬಾಯಿಬಡಕಿಯ ದನಿ ಬಂತು. ಅವಳಿಗೆ ಮೈಕು ಬೇಕಿರಲಿಲ್ಲ. ಅವಳ ಪಕ್ಕದವಳು ಎದ್ದಳು. ಅವಳಾಚೆಯವಳು ಎದ್ದಳು. ಪ್ಲಾಸ್ಟಿಕ್ ಹಾಳೆಗಳು ಚರಚರ ಅಂದವು. ಇಪ್ಪತ್ತೆರಡು ಜನವೂ ಎದ್ದು ನಿಂತರು. ಯಾರಾದರೂ ಒಬ್ಬರು ಬಂದು ಒತ್ತಿ, ಯಾರಾದರೂ ಸಾಕು ಎಂದು ನಿರ್ದೇಶಕರು ಶಾಯಿಯ ಡಬ್ಬಿ ಹಿಡಿದುಕೊಂಡು ವೇದಿಕೆಯಿಂದ ಇಳಿದೇ ಬಂದರು. ಹೆಂಗಸರು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡರು.

“ನೀವೆಲ್ಲ ತೆಗೆದ್ರೆ ಉಳಿಯೋದೇನು?” ನಿರ್ದೇಶಕರ ದನಿ ಏರಿತ್ತು. “ಮೂರು ವರ್ಷದ ಕೆಲಸ!”

“ನಮ್ಮ ಕೆಲಸ ಸಾರ್ ಅದು. ನಾವು ತಗೊಂಡು ಹೋಗ್ತೀವಿ,” ಎಂದಳು ದೊಡ್ಡಮ್ಮ. “ನೀವು ದಡದ ಮೇಲೆ ಕೂತು ನೋಡಿದ್ದು ಏನಿದೆಯೋ ಅದು ಉಳಿಯುತ್ತೆ. ಅದನ್ನೇ ಅಚ್ಚು ಹಾಕಿಸ್ಕೊಳ್ಳಿ.”

ಅಧಿಕಾರಿ ಕಡತ ಮುಚ್ಚಿ ನಿರ್ದೇಶಕರ ಖಾಲಿ ಕುರ್ಚಿಯ ಕಡೆಗೇ ತಳ್ಳಿ ಎದ್ದುಹೋದ. ಹೆಂಗಸರು ಮುಂಬಾಗಿಲಿನಿಂದಲೇ ಹೊರಗೆ ಬಂದರು.

ಸಂಜೆ ಮಗಳು ಹೊತ್ತಿಗೆ ಮೊದಲೇ ಮನೆಗೆ ಬಂದಳು. ಕೈಯಲ್ಲಿ ಬಾಟಲಿ ತೊಳೆಯುವ ಕೈಗವಸು ಇತ್ತು. ಅದನ್ನೂ ಒಳಗೆ ಬಿಟ್ಟುಬರಲು ಅವಕಾಶ ಕೊಡದೆ ಕಳಿಸಿದ್ದರು. ಯಾವ ಕಸದ ಬುಟ್ಟಿಯಿಂದ ಏನು ಎತ್ತಿಕೊಂಡೆ ಎಂದು ಮೂವರು ಕೂರಿಸಿಕೊಂಡು ಕೇಳಿದ್ದರು. ಅವಳು ಕಸದಿಂದ ಕಸ ಎತ್ತಿಕೊಂಡೆ ಅಂದಿದ್ದಳು.

ಸಭೆಯಲ್ಲಿ ನಡುಗದ ದೊಡ್ಡಮ್ಮನ ದನಿ ಇಲ್ಲಿ ನಡುಗಿತು.

“ನನ್ನಿಂದ ನಿನ್ನ ಕೆಲಸ ಹೋಯ್ತು.”

“ಓದಿ ಹೇಳಿದ್ದು ನಾನಮ್ಮಾ. ನಿನ್ನಿಂದ ಅಂತ ಎಲ್ಲಾ ನೀನೇ ಹೊತ್ಕೋಬೇಡ. ನಾಳೆಯಿಂದ ನಾನೂ ಇಳೀತೀನಿ.”

“ನಿನ್ನ ಕಾಲು ಕುಯ್ದುಹೋಗುತ್ತೆ.”

“ನಿಂದು ಕುಯ್ದಿಲ್ವಾ?”

ಹಾಸಿಗೆಯಿಂದ ಮುದುಕಿ, “ಆ ಮೂಲೇಲಿ ನನ್ನ ಹಳೇ ಹಗ್ಗ ಇದೆ, ಸೊಂಟಕ್ಕೆ ಸರಿಹೋಗುತ್ತಾ ನೋಡು,” ಅಂದಳು. ದೊಡ್ಡಮ್ಮ ಅಳುತ್ತಲೇ ಹಗ್ಗ ಹುಡುಕಿ ಮಗಳ ಸೊಂಟಕ್ಕೆ ಅಳತೆ ಹಿಡಿದಳು.

ಬೆಳಿಗ್ಗೆ ಇಳಿತದ ಹೊತ್ತಿಗೆ ದಡಕ್ಕೆ ಹೋದರೆ ಗೂಟ ನೆಟ್ಟು ಉದ್ದಕ್ಕೂ ಹಗ್ಗ ಕಟ್ಟಿದ್ದರು. ನಡುವೆ ಒಂದು ಹಲಗೆ. ಬಣ್ಣ ಪೂರ್ತಿ ಒಣಗಿತ್ತು. ಸಭೆಗೆ ಎಷ್ಟೋ ದಿನ ಮೊದಲೇ ಬರೆಸಿಟ್ಟ ಹಲಗೆ ಅದು. ಪಕ್ಕದಲ್ಲಿ ಕೇಂದ್ರದ ಹೊಸ ಕಾವಲುಗಾರ, ಕುತ್ತಿಗೆಯಲ್ಲಿ ಸೀಟಿ.

“ಮುಚ್ಚಿದೆ. ಹೋಗಿ, ಹೋಗಿ. ಬೋರ್ಡ್ ಓದಕ್ಕೆ ಬರಲ್ವಾ?”

“ನಮಗೆ ಬರಲ್ಲ,” ಎಂದಳು ದೊಡ್ಡಮ್ಮ. “ನನ್ನ ಮಗಳಿಗೆ ಬರುತ್ತೆ.”

ಮಗಳು ಮುಂದೆ ಬಂದಳು. ಹಲಗೆಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಓದಿದಳು.

“‘ಈ ಪ್ರದೇಶವನ್ನು ಸಮುದಾಯದ ಒಪ್ಪಿಗೆಯೊಂದಿಗೆ ಏಳು ವರ್ಷ ಮುಚ್ಚಲಾಗಿದೆ. ಆದೇಶದ ಸಂಖ್ಯೆ,’ ಖಾಲಿ ಬಿಟ್ಟಿದ್ದಾರೆ. ‘ದಿನಾಂಕ,’ ಖಾಲಿ. ‘ಸಹಿ,’ ಖಾಲಿ.”

“ನಿನ್ನ ಹತ್ರ ಇದೆಯೇನಪ್ಪಾ ಸಹಿ?” ಬಾಯಿಬಡಕಿ ಕೇಳಿದಳು. “ಇದ್ರೆ ಹಾಕು, ಕಾಯ್ತೀವಿ.”

ಕಾವಲುಗಾರ ಹಲಗೆಯನ್ನು ತಾನೇ ಒಮ್ಮೆ ಬಗ್ಗಿ ನೋಡಿದ. ಅವನೂ ಇವತ್ತೇ ಅದನ್ನು ಓದಿದ್ದು.

ದೊಡ್ಡಮ್ಮ ಹಗ್ಗವನ್ನು ಕೈಯಿಂದ ಕೆಳಗೆ ಒತ್ತಿ ಹಿಡಿದಳು. ಮಂಡಿ ಮಡಚದು, ಅದಕ್ಕೇ ಮಗಳು ಅವಳ ತೋಳು ಹಿಡಿದು ದಾಟಿಸಿದಳು. ಆಮೇಲೆ ತಾನು ದಾಟಿದಳು. ಹಿಂದೆಯೇ ಉಳಿದವರೆಲ್ಲ ದಾಟಿದರು. ಕಾವಲುಗಾರ ಸೀಟಿ ಊದಿದ. ಮತ್ತೆ ಊದಿದ. ಹೆಂಗಸರಿಗೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ನೀರು ಇಳಿದಿತ್ತು, ಅದು ವಾಪಸು ಬರುವುದರೊಳಗೆ ಬುಟ್ಟಿ ತುಂಬಬೇಕಿತ್ತು.